ಪಡಿಯೂ ಪಥ್ಯವೂ: ಅಮೆರಿಕದ ಫುಡ್ ಪ್ಯಾಂಟ್ರಿಗಳಲ್ಲಿ ಹಿತಾಹಾರದ ಪ್ರಯತ್ನಗಳು

ಹಸಿದು ಬಂದವರಿಗೆ ಅನ್ನ ನೀಡುವುದು ಪುರಾತನವಾದ ಧರ್ಮ. ಹಾಗೆ ನೀಡಿದ ಅನ್ನವು ಉಂಡವರ ಮೈಗೆ ಹಿತವಾಯಿತೆ ಎಂದು ಅಳೆದು ನೋಡುವುದು ಮಾತ್ರ ತೀರ ಈಚಿನ ಕಾಲದ ವಿದ್ಯೆ. ಈ ವಿದ್ಯೆಯು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಿಶೇಷವಾಗಿ ಬೆಳೆದುದಕ್ಕೆ ಕಾರಣವುಂಟು. ಬೆಳೆದುದನ್ನು ಎಲ್ಲಿ ಸುರಿಯಬೇಕೆಂದು ತಿಳಿಯದಷ್ಟು ಸಮೃದ್ಧಿಯೂ, ತಿಂಗಳ ಕೊನೆಯ ವಾರಕ್ಕೆ ಅಡುಗೆಮನೆಯಲ್ಲಿ ಏನೂ ಉಳಿಯದಷ್ಟು ದಾರಿದ್ರ್ಯವೂ ಆ ದೇಶದ ಒಂದೇ ಪಟ್ಟಣದ ಎರಡು ಬೀದಿಗಳಲ್ಲಿ ಒಟ್ಟಿಗೆ ಕಾಣಬರುತ್ತವೆ. ಈ ಎರಡರ ನಡುವೆ ಕಟ್ಟಿದ ಸೇತುವೆಗೆ ಅಲ್ಲಿನವರು ಫುಡ್ ಬ್ಯಾಂಕ್ ಎಂದೂ ಫುಡ್ ಪ್ಯಾಂಟ್ರಿ ಎಂದೂ ಹೆಸರಿಟ್ಟಿದ್ದಾರೆ. ಬ್ಯಾಂಕು ಎಂಬುದು ಒಂದು ಪ್ರಾಂತಕ್ಕೆಲ್ಲ ಸಲ್ಲುವ ದೊಡ್ಡ ಗೋದಾಮು. ಪ್ಯಾಂಟ್ರಿಯಾದರೋ ಇಗರ್ಜಿಯ ನೆಲಮಾಳಿಗೆಯಲ್ಲಿಯೋ ಶಾಲೆಯ ಒಂದು ಕೊಠಡಿಯಲ್ಲಿಯೋ ನಡೆಯುವ ಸಣ್ಣ ಉಗ್ರಾಣ. ಅಲ್ಲಿಗೆ ಬಂದವರು ಪಡಿಯನ್ನು ಬೆಲೆಯಿಲ್ಲದೆ ಪಡೆದು, ಮನೆಗೆ ಒಯ್ದು ಬೇಯಿಸಿಕೊಂಡು ಉಣ್ಣುತ್ತಾರೆ. ಈ ಉಗ್ರಾಣಗಳನ್ನು ಆಶ್ರಯಿಸಿದವರು ಆರೋಗ್ಯಕರವಾಗಿ ಉಣ್ಣುವಂತಾಗಲು ಏನು ಮಾಡಬೇಕು ಎಂಬ ಪ್ರಶ್ನೆಗೆ ಕಳೆದ ನಾಲ್ಕು ದಶಕಗಳಲ್ಲಿ ದೊರೆತ ಉತ್ತರಗಳನ್ನು ಕಾಲಕ್ರಮದಲ್ಲಿ ನೋಡುವುದು ಈ ಲೇಖನದ ಉದ್ದೇಶ. ಆ ಉತ್ತರಗಳೆಲ್ಲ ಮೊದಲು ಉಣ್ಣುವವರನ್ನು ತಿದ್ದಲು ಹೊರಟು, ಬಹಳ ತಡವಾಗಿ, ಕೊಡುವವರ ಕಪಾಟಿನ ಕಡೆಗೆ ಮುಖ ತಿರುಗಿಸಿದವೆಂಬುದು ನನಗೆ ಕಂಡ ಮುಖ್ಯ ಸಂಗತಿ.

ಇದರ ಮೂಲವನ್ನು 1967ರಲ್ಲಿ, ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದಲ್ಲಿ ಗುರುತಿಸುವುದು ವಾಡಿಕೆ. ವ್ಯಾಪಾರದಿಂದ ನಿವೃತ್ತನಾಗಿ ಬಡವರ ಊಟದ ಮನೆಯೊಂದರಲ್ಲಿ ಸೇವೆ ಮಾಡುತ್ತಿದ್ದ ಜಾನ್ ವಾನ್ ಹೆಂಗೆಲ್ ಎಂಬಾತನಿಗೆ, ಹತ್ತು ಮಕ್ಕಳ ತಾಯಿಯೊಬ್ಬಳು, ಕಿರಾಣಿ ಅಂಗಡಿಗಳ ಹಿಂಬದಿಯ ತೊಟ್ಟಿಗಳಲ್ಲಿ ಎಷ್ಟು ಒಳ್ಳೆಯ ಪದಾರ್ಥಗಳು ವ್ಯರ್ಥವಾಗಿ ಬಿದ್ದಿರುತ್ತವೆಂಬುದನ್ನು ತಿಳಿಸಿ, ಹಣವನ್ನು ಇಟ್ಟು ತೆಗೆಯುವ ಬ್ಯಾಂಕಿನಂತೆ ಆಹಾರಕ್ಕೂ ಒಂದು ಏಕಿರಬಾರದೆಂದು ಕೇಳಿದಳೆಂದು ಹೇಳಿಕೆಯಿದೆ. ಸೇಂಟ್ ಮೇರಿ ಇಗರ್ಜಿಯವರು ಪಾಳು ಬಿದ್ದಿದ್ದ ಬೇಕರಿಯ ಕಟ್ಟಡವನ್ನೂ 3,000 ಡಾಲರುಗಳನ್ನೂ ಕೊಟ್ಟರು. ಮೊದಲ ವರ್ಷದಲ್ಲಿಯೇ ಎರಡೂವರೆ ಲಕ್ಷ ಪೌಂಡಿಗೆ ಕಡಿಮೆಯಿಲ್ಲದಷ್ಟು ಪದಾರ್ಥ ಅಲ್ಲಿಂದ ಹಂಚಿಹೋಯಿತು. 1976ರ ತೆರಿಗೆ ಕಾಯಿದೆಯು ದಾನ ಮಾಡಿದ ಸರಕಿಗೆ ಕಂಪನಿಗಳು ತೆರಿಗೆಯ ರಿಯಾಯಿತಿ ಪಡೆಯುವುದನ್ನು ಸುಲಭಗೊಳಿಸಲು, ಹೊಟ್ಟೆಗಿಲ್ಲದವರ ಪುಣ್ಯವೂ ಕಂಪನಿಗಳ ಲಾಭವೂ ಒಂದೇ ದಾರಿಯಲ್ಲಿ ನಡೆಯತೊಡಗಿದವು. 1979ರಲ್ಲಿ ಈ ಬ್ಯಾಂಕುಗಳೆಲ್ಲ ಸೆಕೆಂಡ್ ಹಾರ್ವೆಸ್ಟ್ ಎಂಬ ಒಕ್ಕೂಟವಾದವು. 2008ರಿಂದ ಅದರ ಹೆಸರು ಫೀಡಿಂಗ್ ಅಮೆರಿಕಾ. ಇಂದು ಸುಮಾರು 200 ಬ್ಯಾಂಕುಗಳೂ ಅವುಗಳ ಆಶ್ರಯದಲ್ಲಿ ಸುಮಾರು 60,000 ಪ್ಯಾಂಟ್ರಿಗಳೂ ಊಟದ ಮನೆಗಳೂ ಇವೆ.

ಹುಟ್ಟಿನಲ್ಲಿಯೇ ಈ ವ್ಯವಸ್ಥೆಗೆ ಅಂಟಿದ ಎರಡು ಗುಣಗಳನ್ನು ನೆನಪಿನಲ್ಲಿಟ್ಟರೆ ಮುಂದಿನ ಕಥೆಯೆಲ್ಲ ತಾನಾಗಿ ಅರ್ಥವಾಗುತ್ತದೆ. ಒಂದು, ಅಲ್ಲಿಗೆ ಬಂದದ್ದು ಉಣ್ಣುವವರಿಗೆ ಬೇಕಾದುದಲ್ಲ, ಮಾರುವವರಿಗೆ ಬೇಡವಾದುದು: ಲೇಬಲ್ಲು ತಪ್ಪಿದ ಡಬ್ಬಿ, ಹಬ್ಬ ಮುಗಿದ ಮೇಲೆ ಉಳಿದ ಮಿಠಾಯಿ, ಜನ ಮೆಚ್ಚದ ಹೊಸ ರುಚಿಯ ಪಾನೀಯ. ಸರ್ಕಾರದ ದಾನವೂ ಇದಕ್ಕೆ ಹೊರತಾಗಿರಲಿಲ್ಲ. ಹೈನುಗಾರರ ಹಿತಕ್ಕಾಗಿ ಕೊಂಡು ಗೋದಾಮುಗಳಲ್ಲಿ ತುಂಬಿದ್ದ ಚೀಸು ಬೂಷ್ಟು ಹಿಡಿಯತೊಡಗಿದಾಗ, 1981ರ ಡಿಸೆಂಬರಿನಲ್ಲಿ ಅಧ್ಯಕ್ಷ ರೇಗನ್ನರು 3 ಕೋಟಿ ಪೌಂಡು ಚೀಸನ್ನು ಬಡವರಿಗೆ ಹಂಚಲು ಅಪ್ಪಣೆ ಮಾಡಿದರು. ಐದೈದು ಪೌಂಡಿನ ಆ ಹಳದಿ ಗಟ್ಟಿಗಳಿಗಾಗಿ ಜನ ಸಾಲುಗಟ್ಟಿ ನಿಂತುದು ಆ ದಶಕದ ಒಂದು ಮರೆಯಲಾಗದ ದೃಶ್ಯವಾಯಿತು. ತಾತ್ಕಾಲಿಕವೆಂದು ಹೆಸರಿಟ್ಟುಕೊಂಡು ಹೊರಟ ಆ ಸರ್ಕಾರಿ ಯೋಜನೆ ಇಂದಿಗೂ ನಡೆದಿದೆ. ಹೆಸರಿನಿಂದ ಆ ವಿಶೇಷಣವನ್ನು ಮಾತ್ರ ಮುಂದೆ ತೆಗೆದುಹಾಕಿದರು. ಎರಡನೆಯದು ಲೆಕ್ಕದ ರೀತಿ. ಎಷ್ಟು ಪೌಂಡು ಬಂದಿತು, ಎಷ್ಟು ಪೌಂಡು ಹೋಯಿತು ಎಂಬುದೇ ಬ್ಯಾಂಕಿನ ಹಿರಿಮೆಯ ಅಳತೆ. ಈಚಿನ ವರ್ಷಗಳಲ್ಲಿ 1.2 ಪೌಂಡಿಗೆ ಒಂದು ಊಟವೆಂದು ಸಮೀಕರಿಸಿ, ಇಷ್ಟು ಕೋಟಿ ಊಟ ಬಡಿಸಿದೆವೆಂದು ಸಾರುವ ಪದ್ಧತಿ ಬಂದಿದೆಯಷ್ಟೆ. ಆ ಸಮೀಕರಣವನ್ನು ಅಕ್ಷರಶಃ ಹಿಡಿದರೆ ಒಂದು ಸಣ್ಣ ಸೀಸೆ ಸಕ್ಕರೆ ನೀರೂ ಒಂದು ಊಟವೇ. ತೂಕವನ್ನು ಪೂಜಿಸುವ ವ್ಯವಸ್ಥೆಯಲ್ಲಿ ಪಾಲಕ್ ಸೊಪ್ಪು ಸೋಲುವುದೂ ಸೋಡಾ ಗೆಲ್ಲುವುದೂ ಆಶ್ಚರ್ಯವಲ್ಲ.

ಮೊದಮೊದಲಿಗೆ ಯಾರೂ ಇದನ್ನು ದೋಷವೆಂದು ಎಣಿಸಲಿಲ್ಲ, ಎಣಿಸಲು ಕಾರಣವೂ ಇರಲಿಲ್ಲ. ಪ್ಯಾಂಟ್ರಿಯೆಂಬುದು ಆಪತ್ಕಾಲದ ಆಸರೆ. ಕೆಲಸ ಹೋದ ವಾರ, ಗಂಡ ಕಾಯಿಲೆ ಬಿದ್ದ ತಿಂಗಳು ಒಮ್ಮೆ ಬಂದುಹೋಗತಕ್ಕ ಸ್ಥಳ. ಮೂರು ದಿನದ ಊಟದಲ್ಲಿ ಉಪ್ಪು ಹೆಚ್ಚಾದರೆ ಯಾರೂ ಸಾಯುವುದಿಲ್ಲ. ಆದರೆ ಆಪತ್ತು ನಿತ್ಯವಾಯಿತು. 2011ರಲ್ಲಿ ಫೀಡಿಂಗ್ ಅಮೆರಿಕಾ ಪ್ರಕಟಿಸಿದ ವರದಿಯ ಪ್ರಕಾರ, ಪ್ಯಾಂಟ್ರಿಗೆ ಬರುವವರಲ್ಲಿ ಅರ್ಧಕ್ಕೂ ಮಿಕ್ಕವರು ವರ್ಷದ ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಅಲ್ಲಿಯ ಪಡಿಯನ್ನೇ ನಂಬಿದವರು. ಅಂಥವರ ಪಾಲಿಗೆ ಅದು ಆಪತ್ತಿನ ಊಟವಲ್ಲ, ಮನೆಯ ಊಟ. ಅದಕ್ಕೂ ಮುಂಚೆಯೇ, 2004ರಲ್ಲಿ, ಮ್ಯಾಸಚೂಸೆಟ್ಸಿನ ಪ್ಯಾಂಟ್ರಿಗಳ ಚೀಲಗಳನ್ನು ಬಿಚ್ಚಿ ಪರೀಕ್ಷಿಸಿದ ಸಂಶೋಧಕರು ಎ ಮತ್ತು ಸಿ ಜೀವಸತ್ವಗಳೂ ಸುಣ್ಣದಂಶವೂ ಹಣ್ಣೂ ಹಾಲಿನ ಪದಾರ್ಥಗಳೂ ಅವುಗಳಲ್ಲಿ ಸಾಲದೆಂದು ತೋರಿಸಿದ್ದರು. ಮುಂದೆ, 2017ರಲ್ಲಿ, ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾನಿಲಯದ ಆನ್ಯಾ ಸಿಮ್ಮೆಟ್ ಮತ್ತು ಅವರ ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗಲೂ ಚಿತ್ರ ಬಹುಮಟ್ಟಿಗೆ ಅದೇ ಆಗಿದ್ದಿತು.

ದೋಷ ಕಂಡಾಗ ಹೊಳೆದ ಮೊದಲ ಪರಿಹಾರ ಉಪದೇಶ. ಬಡವರು ಕೆಟ್ಟದ್ದನ್ನು ತಿನ್ನುವುದು ಒಳ್ಳೆಯದು ಯಾವುದೆಂದು ಅರಿಯದ್ದರಿಂದ ಎಂಬ ನಂಬಿಕೆ ಎಲ್ಲ ದೇಶಗಳ ಅನುಕೂಲಸ್ಥರಲ್ಲಿಯೂ ಸಹಜವಾಗಿ ನೆಲೆಸಿರತಕ್ಕದ್ದು. ಕರಪತ್ರಗಳು ಅಚ್ಚಾದವು, ಪಾಕವಿಧಾನದ ಚೀಟಿಗಳು ಚೀಲಗಳಲ್ಲಿ ಬಿದ್ದವು, ಪೋಷಣಶಾಸ್ತ್ರದ ವಿದ್ಯಾರ್ಥಿಗಳು ಬಂದು ವ್ಯಾಖ್ಯಾನ ಮಾಡಿದರು. ಇವುಗಳಲ್ಲಿ ಒಳ್ಳೆಯವೂ ಇದ್ದವೆನ್ನಬೇಕು. ಶೇರ್ ಅವರ್ ಸ್ಟ್ರೆಂಗ್ತ್ ಎಂಬ ಸಂಸ್ಥೆಯು 1993ರಲ್ಲಿ ಆರಂಭಿಸಿ ಮುಂದೆ ಕುಕಿಂಗ್ ಮ್ಯಾಟರ್ಸ್ ಎಂದು ಹೆಸರಿಟ್ಟ ತರಗತಿಗಳಲ್ಲಿ ಬಾಣಸಿಗರೇ ನಿಂತು, ಕಡಿಮೆ ಖರ್ಚಿನಲ್ಲಿ ಕೈಯಾರ ಅಡುಗೆ ಮಾಡಿಸಿ ಕಲಿಸಿದರು. ಲಿಯಾನ್ ಬ್ರೌನ್ ಎಂಬಾಕೆ 2014ರಲ್ಲಿ, ದಿನಕ್ಕೆ 4 ಡಾಲರುಗಳಲ್ಲಿ ಉಣ್ಣುವ ಬಗೆಯನ್ನು ಕುರಿತು ಬರೆದ ಪುಸ್ತಕವನ್ನು ಅಂತರ್ಜಾಲದಲ್ಲಿ ಧರ್ಮಾರ್ಥವಾಗಿ ತೆರೆದಿಟ್ಟಳು. ಅದರಲ್ಲಿ ಬುದ್ಧಿವಾದದ ವಾಸನೆಯಿಲ್ಲ, ರುಚಿಯ ಪ್ರೀತಿಯಿದೆ. ಆದರೂ ಉಪದೇಶಕ್ಕೆ ಒಂದು ಮಿತಿಯುಂಟು. ಒಲೆ ಕೆಟ್ಟ ಮನೆಯವರು, ಡಬ್ಬಿ ತೆರೆಯುವ ಉಪಕರಣವಿಲ್ಲದವರು, ಎರಡು ಕಡೆ ದುಡಿದು ರಾತ್ರಿ ಹತ್ತಕ್ಕೆ ಮನೆ ಸೇರುವವರು, ಇವರಿಗೆ ಹಸಿ ತರಕಾರಿಯ ಮಹಿಮೆಯನ್ನು ವರ್ಣಿಸಿ, ಅನಂತರ ಚೀಲದಲ್ಲಿ ತರಕಾರಿಯನ್ನು ಇಡದೆ ಕಳುಹಿಸಿದರೆ, ಕೇಳಿದವರಿಗೆ ಜ್ಞಾನ ಹೆಚ್ಚುವುದಕ್ಕಿಂತ ನೋವು ಹೆಚ್ಚುವುದು ಸಂಭವ.

ಈ ಹಂತದಲ್ಲಿ ಒಬ್ಬ ವಿಲಕ್ಷಣ ವ್ಯಕ್ತಿಯನ್ನು ಕುರಿತು ತುಸು ನಿಂತು ಹೇಳಬೇಕು. ಮಿಶಿಗನ್ ಸಂಸ್ಥಾನದ ಪಶ್ಚಿಮ ಭಾಗದ ಫುಡ್ ಬ್ಯಾಂಕನ್ನು ನಡೆಸುತ್ತಿದ್ದ ಜಾನ್ ಆರ್ನಾಲ್ಡ್, ಸಿದ್ಧಮಾಡಿದ ಚೀಲವನ್ನು ಕೈಗೆ ಕೊಟ್ಟು ಕಳುಹಿಸುವ ಪದ್ಧತಿಯೇ ಎಲ್ಲ ಅನರ್ಥಕ್ಕೂ ಮೂಲವೆಂದು ವಾದಿಸಿದನು. ಎಲ್ಲರಿಗೂ ಒಂದೇ ಬಗೆಯ ಚೀಲವನ್ನು ಕಟ್ಟಿದರೆ, ಹಾಲು ಒಗ್ಗದವನಿಗೆ ಹಾಲಿನ ಪುಡಿ, ಹಂದಿಮಾಂಸ ಮುಟ್ಟದವಳಿಗೆ ಹ್ಯಾಮ್, ಸಕ್ಕರೆ ಕಾಯಿಲೆಯವನಿಗೆ ಜಾಮು ಹೋಗಿ ಸೇರುತ್ತವೆ. ಅವುಗಳಲ್ಲಿ ಬಹುಭಾಗ ಯಾರ ಹೊಟ್ಟೆಯನ್ನೂ ಸೇರದೆ ಕೆಡುತ್ತದೆ. ಅದರ ಬದಲು, ಅಂಗಡಿಯಲ್ಲಿ ಮಾಡುವಂತೆ, ಬಂದವರು ಬುಟ್ಟಿ ಹಿಡಿದು ಕಪಾಟುಗಳ ನಡುವೆ ನಡೆದು, ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳಲಿ ಎಂಬುದು ಅವನ ಸಿದ್ಧಾಂತ. ಆಯ್ಕೆ ಕೊಟ್ಟರೆ ಜನ ಒಳ್ಳೆಯದನ್ನೆಲ್ಲ ದೋಚುತ್ತಾರೆಂಬ ಭೀತಿ ಪ್ಯಾಂಟ್ರಿಯ ಸ್ವಯಂಸೇವಕರಲ್ಲಿ ಬಲವಾಗಿತ್ತು. ಅನುಭವದಲ್ಲಿ ಅದು ನಿಜವಾಗಲಿಲ್ಲ. ತನ್ನ ಮನೆಯವರು ಏನನ್ನು ಉಣ್ಣುವರೆಂಬುದನ್ನು ತಾಯಿಯೊಬ್ಬಳು ಉಗ್ರಾಣಿಗಿಂತ ಚೆನ್ನಾಗಿ ಬಲ್ಲಳೆಂಬ ಇಷ್ಟು ಸಾಮಾನ್ಯವಾದ ಮಾತು ಸಿದ್ಧಾಂತದ ಪದವಿಗೇರಲು ಎರಡು ದಶಕಗಳು ಹಿಡಿದವು. ಆರೋಗ್ಯದ ದೃಷ್ಟಿಯಿಂದ ಇದರ ಮಹತ್ವ ಆಗ ಪೂರ್ಣವಾಗಿ ತಿಳಿದಿರಲಿಲ್ಲ. ಆದರೆ ಮುಂದಿನ ಪ್ರಯೋಗಗಳೆಲ್ಲಕ್ಕೂ ನೆಲವನ್ನು ಹದಮಾಡಿದುದು ಇದೇ.

ಇದೇ ಆರ್ನಾಲ್ಡ್ ಇನ್ನೊಂದು ಪ್ರಕರಣದಲ್ಲಿಯೂ ಕಾಣಿಸಿಕೊಳ್ಳುತ್ತಾನೆ. ಒಕ್ಕೂಟಕ್ಕೆ ಬಂದ ದಾನವನ್ನು ಬ್ಯಾಂಕುಗಳಿಗೆ ಸರದಿಯಂತೆ ಹಂಚುವ ಪದ್ಧತಿಯಿದ್ದ ಕಾಲದಲ್ಲಿ, ಆಲೂಗಡ್ಡೆಯ ಸೀಮೆಯಾದ ಐಡಾಹೋದವರಿಗೇ ಆಲೂಗಡ್ಡೆ ತಂದುಕೊಡುವುದಾಗಿ ಹೇಳುವಂಥ ವಿನೋದಗಳು ನಡೆಯುತ್ತಿದ್ದವು. ಇದನ್ನು ಸರಿಪಡಿಸಲು ಶಿಕಾಗೊ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಕ್ಯಾನಿಸ್ ಪ್ರೆಂಡರ್‌ಗಾಸ್ಟ್ ಮೊದಲಾದವರು ಒಂದು ಕೃತಕ ನಾಣ್ಯವನ್ನು ಕಲ್ಪಿಸಿ, ಬಡವರು ಹೆಚ್ಚಾಗಿರುವ ಪ್ರಾಂತದ ಬ್ಯಾಂಕಿಗೆ ಹೆಚ್ಚು ನಾಣ್ಯವನ್ನು ಕೊಟ್ಟು, ದಾನದ ಸರಕನ್ನು ದಿನವೂ ಹರಾಜು ಹಾಕುವ ಯೋಜನೆಯನ್ನು ಮುಂದಿಟ್ಟರು. ತಾನು ಸಮಾಜವಾದಿ, ಪೇಟೆಯ ನ್ಯಾಯದಲ್ಲಿ ತನಗೆ ನಂಬಿಕೆಯಿಲ್ಲ ಎಂದು ಆರ್ನಾಲ್ಡ್ ಸಭೆಯಲ್ಲಿಯೇ ಪ್ರತಿಭಟಿಸಿದನೆಂಬುದು ಈಗ ಅರ್ಥಶಾಸ್ತ್ರದ ಪಾಠಗಳಲ್ಲಿ ಬರುವ ಕಥೆಯಾಗಿದೆ. ಆದರೂ 2005ರ ಜುಲೈಯಲ್ಲಿ ಹರಾಜು ಆರಂಭವಾಯಿತು, ನಿಂತಿತು, ಬೆಳೆಯಿತು. ನಮ್ಮ ವಿಷಯಕ್ಕೆ ಬೆಳಕು ಬೀಳುವುದು ಅಲ್ಲಿ ಗೊತ್ತಾದ ಬೆಲೆಗಳಿಂದ. ಪೊಟ್ಟಣದ ಧಾನ್ಯದ ತಿಂಡಿಗೆ, ಅಂದರೆ ಸೀರಿಯಲ್ಲಿಗೆ, ಹಸಿ ತರಕಾರಿಗಿಂತ ಹಲವು ಪಟ್ಟು ಬೆಲೆ ಏರಿತು. ತರಕಾರಿಯ ಲಾರಿಯನ್ನು ಕೆಲವೊಮ್ಮೆ ಯಾರೂ ಕೇಳದೆ, ಕೊಂಡೊಯ್ದವರಿಗೆ ಎದುರಾಗಿ ನಾಣ್ಯ ಕೊಡಬೇಕಾಗಿ ಬಂದದ್ದೂ ಉಂಟು.

ಮೇಲುನೋಟಕ್ಕೆ ಇದು ಬಡವರಿಗೆ ತರಕಾರಿ ಬೇಡವೆಂಬುದಕ್ಕೆ ಸಾಕ್ಷಿಯಂತೆ ತೋರಬಹುದು. ಹಾಗೆ ತಿಳಿದವರೂ ಇದ್ದಾರೆ. ಆದರೆ ಹರಾಜು ಕೂಗುವವರು ಉಣ್ಣುವವರಲ್ಲ, ಗೋದಾಮಿನವರು. ಸೀರಿಯಲ್ಲಿನ ಪೊಟ್ಟಣ ತಿಂಗಳುಗಟ್ಟಲೆ ಕಪಾಟಿನಲ್ಲಿ ಕುಳಿತಿರುತ್ತದೆ. ಲೆಟ್ಯೂಸಿನ ಪೆಟ್ಟಿಗೆ ನಾಲ್ಕನೆಯ ದಿನಕ್ಕೆ ಕೊಳೆಯುತ್ತದೆ. ಇಗರ್ಜಿಯ ನೆಲಮಾಳಿಗೆಯಲ್ಲಿ ಮನೆಬಳಕೆಯ ಒಂದು ಹಳೆಯ ಫ್ರಿಜ್ಜನ್ನು ಇಟ್ಟುಕೊಂಡು ವಾರಕ್ಕೊಮ್ಮೆ ಬಾಗಿಲು ತೆರೆಯುವ ಪ್ಯಾಂಟ್ರಿಯು ಲೆಟ್ಯೂಸನ್ನು ಒಲ್ಲೆನೆಂದರೆ ಅದು ರುಚಿಯ ಪ್ರಶ್ನೆಯಲ್ಲ, ಶೈತ್ಯದ ಪ್ರಶ್ನೆ. ಆದುದರಿಂದ ಕೆಲವು ಬ್ಯಾಂಕುಗಳು ಕರಪತ್ರದ ಹಣವನ್ನು ಶೀತಾಗಾರಕ್ಕೂ ಶೀತ ಲಾರಿಗಳಿಗೂ ತಿರುಗಿಸಿದುದು, ಯಾವ ಪತ್ರಿಕೆಯೂ ದೊಡ್ಡಕ್ಷರದಲ್ಲಿ ಬರೆಯದಿದ್ದರೂ, ಈ ಕ್ಷೇತ್ರದ ಅತ್ಯಂತ ಫಲವತ್ತಾದ ಕಾರ್ಯಗಳಲ್ಲೊಂದೆಂದು ನಾನು ಭಾವಿಸುತ್ತೇನೆ. ಅದೇ ದಾರಿಯಲ್ಲಿ ನ್ಯೂಜೆರ್ಸಿಯ ಗ್ಯಾರಿ ಆಪನ್‌ಹೈಮರ್ 2009ರಲ್ಲಿ ಆಂಪಲ್ ಹಾರ್ವೆಸ್ಟ್ ಎಂಬ ಏರ್ಪಾಟನ್ನು ತೊಡಗಿಸಿ, ಮನೆಯ ಹಿತ್ತಿಲಲ್ಲಿ ಮಿಗುವ ಬದನೆ, ಟೊಮ್ಯಾಟೊಗಳನ್ನು ಬೆಳೆದವರೇ ಕಿತ್ತ ದಿನವೇ ಹತ್ತಿರದ ಪ್ಯಾಂಟ್ರಿಗೆ ಮುಟ್ಟಿಸುವಂತೆ ಮಾಡಿ, ಶೀತಾಗಾರದ ಗೊಡವೆಯನ್ನೇ ತಪ್ಪಿಸಿದನು.

ಇಷ್ಟರಲ್ಲಿ ವೈದ್ಯರು ಪ್ರವೇಶಿಸಿದರು. ಬಾಸ್ಟನ್ನಿನ ವೈದ್ಯಕೀಯ ಕೇಂದ್ರವೊಂದು 2001ರಲ್ಲಿಯೇ ಆಸ್ಪತ್ರೆಯ ಒಳಗೆ ಪ್ಯಾಂಟ್ರಿಯನ್ನು ತೆರೆದು, ವೈದ್ಯರು ಔಷಧದ ಚೀಟಿ ಬರೆಯುವಂತೆ ಆಹಾರದ ಚೀಟಿಯನ್ನು ಬರೆಯುವ ಕ್ರಮವನ್ನು ಆರಂಭಿಸಿದ್ದಿತು. ವಿಷಯಕ್ಕೆ ಶಾಸ್ತ್ರದ ತಳಹದಿಯನ್ನು ಒದಗಿಸಿದವರು ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವೈದ್ಯೆ ಹಿಲರಿ ಸೆಲಿಗ್‌ಮನ್. ಅಭಾವವೂ ಸ್ಥೂಲತೆಯೂ ಮಧುಮೇಹವೂ ಒಂದೇ ದೇಹದಲ್ಲಿ ಹೇಗೆ ಕೂಡುವುವೆಂಬುದನ್ನು ಅವರು ಡೀನ್ ಶಿಲಿಂಗರ್ ಅವರೊಡನೆ 2010ರಲ್ಲಿ ಬರೆದ ಲೇಖನ ವಿವರಿಸಿತು. ಕೈಯಲ್ಲಿ ಕಾಸಿದ್ದಾಗ ಅಗ್ಗದ, ಕೊಬ್ಬು ಸಕ್ಕರೆಗಳು ತುಂಬಿದ ತಿನಿಸನ್ನು ಹೊಟ್ಟೆ ತುಂಬ ತಿನ್ನುವುದು, ಇಲ್ಲದಾಗ ಉಪವಾಸ ಬೀಳುವುದು. ಈ ಏರಿಳಿತದಲ್ಲಿ ಔಷಧದ ಪ್ರಮಾಣ ಎಂದೂ ಸರಿಹೊಂದದು. ಕಾಯಿಲೆ ಬಲಿತರೆ ದುಡಿಮೆ ತಪ್ಪುತ್ತದೆ, ದುಡಿಮೆ ತಪ್ಪಿದರೆ ಅಭಾವ ಇಮ್ಮಡಿಸುತ್ತದೆ. 2014ರಲ್ಲಿ ಸೆಲಿಗ್‌ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿ, ರಕ್ತದ ಸಕ್ಕರೆ ಅಪಾಯಕರವಾಗಿ ಇಳಿದು ಆಸ್ಪತ್ರೆ ಸೇರುವ ಬಡವರ ಸಂಖ್ಯೆ ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಶೇಕಡಾ 27ರಷ್ಟು ಹೆಚ್ಚಾಗಿರುವುದನ್ನು ತೋರಿಸಿದರು. ಅನುಕೂಲಸ್ಥರ ಬೀದಿಗಳಿಂದ ಬರುವವರಲ್ಲಿ ಇಂಥ ವ್ಯತ್ಯಾಸವಿರಲಿಲ್ಲ. ಹಣದ ಚೀಲ ಬರಿದಾಗುವ ದಿನವನ್ನು ರಕ್ತವೇ ಬರೆದಿಡುತ್ತದೆಂದ ಮೇಲೆ ಅರಿವಿನ ಕೊರತೆಯ ವಾದ ದುರ್ಬಲವಾಗದೆ ಇರಲಾರದು. ಅದೇ ವರ್ಷ ಫೀಡಿಂಗ್ ಅಮೆರಿಕಾ ನಡೆಸಿದ ಗಣತಿಯಲ್ಲಿ, ತನ್ನ ಜಾಲದಿಂದ ನೆರವು ಪಡೆಯುವ ಕುಟುಂಬಗಳ ಪೈಕಿ ಮೂರರಲ್ಲಿ ಒಂದರಲ್ಲಿ ಮಧುಮೇಹಿಗಳೂ, ಶೇಕಡಾ 58ರಲ್ಲಿ ರಕ್ತದೊತ್ತಡದವರೂ ಇರುವರೆಂದು ಕಂಡುಬಂದಿತು. ಖರ್ಚು ಉಳಿಸುವುದಕ್ಕಾಗಿ ಅಗ್ಗವೂ ಅಹಿತವೂ ಆದ ಆಹಾರವನ್ನು ಕೊಳ್ಳುತ್ತೇವೆಂದು ಶೇಕಡಾ 79ರಷ್ಟು ಕುಟುಂಬಗಳು ಒಪ್ಪಿಕೊಂಡವು. ಅಹಿತವೆಂದು ತಿಳಿದೇ ಕೊಂಡರು ಎಂಬುದನ್ನು ಗಮನಿಸಬೇಕು.

ಹೀಗಿರಲಾಗಿ ಪ್ರಯತ್ನಗಳು ಎರಡು ಕವಲುಗಳಾಗಿ ಒಡೆದವು. ಒಂದು, ಅಹಿತವಾದುದನ್ನು ಬಾಗಿಲಲ್ಲಿಯೇ ತಡೆಯುವುದು. ಮಧ್ಯ ನ್ಯೂಯಾರ್ಕಿನ ಫುಡ್ ಬ್ಯಾಂಕು 2004ರಲ್ಲಿಯೇ ಸೋಡಾವನ್ನೂ ಮಿಠಾಯಿಯನ್ನೂ ದಾನವಾಗಿ ಸ್ವೀಕರಿಸುವುದಿಲ್ಲವೆಂದು ಸಾರಿತು. ದಾನಿಗಳು ಮುನಿದು ಒಳ್ಳೆಯದನ್ನೂ ಕೊಡದೆ ಹೋದಾರೆಂಬ ಭಯ ಈ ಕ್ಷೇತ್ರದವರ ಎದೆಯಲ್ಲಿ ಎಷ್ಟು ಆಳವಾಗಿ ಬೇರೂರಿದ್ದಿತೆಂದರೆ, ಆ ಮಾದರಿಯನ್ನು ಬಹಿರಂಗವಾಗಿ ಅನುಸರಿಸಿದವರು ಬಹುಕಾಲ ವಿರಳವಾಗಿಯೇ ಉಳಿದರು. 2016ರಲ್ಲಿ ರಾಜಧಾನಿಯಾದ ವಾಷಿಂಗ್ಟನ್ನಿನ ಕ್ಯಾಪಿಟಲ್ ಏರಿಯಾ ಫುಡ್ ಬ್ಯಾಂಕು, ಸೂಪರ್ ಮಾರ್ಕೆಟ್ಟುಗಳು ಕಳುಹಿಸುವ ದೊಡ್ಡ ಹಲಗೆ ಕೇಕು, ಹಬ್ಬದ ಮಿಠಾಯಿ, ಸಕ್ಕರೆಯ ಪಾನೀಯ ಇವುಗಳನ್ನು ಹಿಂದಿರುಗಿಸುವುದಾಗಿ ಪ್ರಕಟಿಸಿದಾಗ ಅದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಬಡವರ ಮಗುವಿಗೆ ಹುಟ್ಟುಹಬ್ಬದ ಕೇಕು ಬೇಡವೆ ಎಂದು ಕೇಳಿದವರೂ ಉಂಟು. ಅದು ಕೇವಲ ಕುಯುಕ್ತಿಯಲ್ಲ, ಉತ್ತರಿಸಬೇಕಾದ ಪ್ರಶ್ನೆಯೇ. ಆದರೆ ವರ್ಷಕ್ಕೊಂದು ಕೇಕು ಬೇರೆ, ಮಾರಾಟವಾಗದ ಕೇಕುಗಳೆಲ್ಲ ವಾರವಾರವೂ ಬಡವರ ಬೀದಿಗೇ ಬರುವುದು ಬೇರೆ.

ಇನ್ನೊಂದು ಕವಲು, ಪದಾರ್ಥಗಳಿಗೆ ದರ್ಜೆ ಕಟ್ಟುವುದು. ಪಿಟ್ಸ್‌ಬರ್ಗಿನ ಬ್ಯಾಂಕು ಒಂದು, ಎರಡು, ಮೂರೆಂದು ಅಂಕಿಯಿಟ್ಟು ದಾಸ್ತಾನನ್ನು ವಿಂಗಡಿಸಿತು. ಕನೆಕ್ಟಿಕಟ್ಟಿನಲ್ಲಿ ಕೇಟಿ ಮಾರ್ಟಿನ್, ಮಾರ್ಲೀನ್ ಶ್ವಾರ್ಟ್ಜ್ ಮೊದಲಾದವರು ರಸ್ತೆಯ ದೀಪದ ಹಸಿರು, ಹಳದಿ, ಕೆಂಪು ಬಣ್ಣಗಳನ್ನು ಕಪಾಟಿಗೆ ತಂದರು. ಇವುಗಳೆಲ್ಲ ಕೂಡಿ 2020ರ ಮಾರ್ಚಿಯಲ್ಲಿ, ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನದ ಆಶ್ರಯದಲ್ಲಿ ನೆರೆದ ತಜ್ಞರ ಮಂಡಲಿಯ ಮೂಲಕ, ದೇಶಕ್ಕೆಲ್ಲ ಸಲ್ಲುವ ಒಂದು ಸೂತ್ರವಾದವು. ಪದಾರ್ಥಗಳನ್ನು 11 ವರ್ಗಗಳಾಗಿ ಮಾಡಿ, ಸಂತೃಪ್ತ ಕೊಬ್ಬು, ಸೋಡಿಯಂ, ಬೆರೆಸಿದ ಸಕ್ಕರೆ ಈ ಮೂರರ ಪ್ರಮಾಣವನ್ನು ನೋಡಿ, ಆಗಾಗ್ಗೆ ಆರಿಸತಕ್ಕದ್ದು, ಕೆಲವೊಮ್ಮೆ ಆರಿಸತಕ್ಕದ್ದು, ಅಪರೂಪಕ್ಕೆ ಆರಿಸತಕ್ಕದ್ದು ಎಂದು ಗುರುತಿಸುವುದು ಆ ಸೂತ್ರದ ಸಾರ. ಅಡುಗೆಗೆ ಬೇಕಾಗುವ ಎಣ್ಣೆ ಮಸಾಲೆ ಮುಂತಾದವುಗಳಿಗೆ ದರ್ಜೆಯಿಲ್ಲ. ಇದರಲ್ಲಿ ನನಗೆ ಮೆಚ್ಚಿಕೆಯಾದದ್ದು ಬಣ್ಣದ ಚೀಟಿಯಲ್ಲ. ದರ್ಜೆ ಕಟ್ಟಿದ ಮೇಲೆ ಬ್ಯಾಂಕು ತನ್ನ ಸರಕಿನಲ್ಲಿ ಎಷ್ಟು ಪಾಲು ಹಸಿರು, ಎಷ್ಟು ಪಾಲು ಕೆಂಪು ಎಂದು ತಾನೇ ಲೆಕ್ಕ ಒಪ್ಪಿಸಬೇಕಾಗುತ್ತದೆ. ಪೌಂಡಿನ ಏಕಚಕ್ರಾಧಿಪತ್ಯಕ್ಕೆ ಮೊದಲ ಬಾರಿಗೆ ಒಬ್ಬ ಪ್ರತಿಸ್ಪರ್ಧಿ ಹುಟ್ಟಿದನು.

ಮಾರ್ಟಿನ್ ಅವರ ಹೆಸರು ಬಂದುದರಿಂದ ಫ್ರೆಶ್‌ಪ್ಲೇಸ್ ಎಂಬ ಪ್ಯಾಂಟ್ರಿಯನ್ನು ಕುರಿತು ಹೇಳದೆ ಮುಂದೆ ಹೋಗಲಾಗದು. 2010ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ತೆರೆದ ಈ ಸಣ್ಣ ಉಗ್ರಾಣದಲ್ಲಿ ಮೂರು ಅಂಶಗಳನ್ನು ಕೂಡಿಸಿದ್ದರು: ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯ, ಹಸಿ ಪದಾರ್ಥಗಳ ಸಮೃದ್ಧಿ, ಮತ್ತು ತಿಂಗಳಿಗೊಮ್ಮೆ ಒಬ್ಬ ಸಹಾಯಕರೊಡನೆ ಕುಳಿತು ಕೆಲಸ, ವಸತಿ, ಓದು, ಸಾಲ ಮುಂತಾದ ಮನೆಯ ಕಷ್ಟಗಳನ್ನು ಕುರಿತು ಮಾತನಾಡುವ ಅವಕಾಶ. 228 ಜನರನ್ನು ಚೀಟಿಯೆತ್ತಿ ಎರಡು ಗುಂಪು ಮಾಡಿ, ಒಂದನ್ನು ಇಲ್ಲಿಗೂ ಇನ್ನೊಂದನ್ನು ಎಂದಿನ ಪ್ಯಾಂಟ್ರಿಗಳಿಗೂ ಬಿಟ್ಟು ನೋಡಿದ ಪ್ರಯೋಗದ ಫಲ 2013ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಫ್ರೆಶ್‌ಪ್ಲೇಸಿನವರು ತೀವ್ರ ಅಭಾವಕ್ಕೆ ಸಿಲುಕುವ ಸಂಭವ ಇನ್ನೊಂದು ಗುಂಪಿನವರ ಅರ್ಧಕ್ಕಿಂತ ಕಡಿಮೆಯಾಯಿತು. ಅವರ ಹಣ್ಣು ತರಕಾರಿಯ ಸೇವನೆ ದಿನಕ್ಕೆ ಒಂದು ಪಾಲಿನಷ್ಟು ಹೆಚ್ಚಿತು. ದಿನಕ್ಕೆ ಒಂದು ಪಾಲು ಎಂದರೆ ಅಲ್ಪವೆಂದು ತೋರಬಹುದು. ಆಹಾರದ ಅಭ್ಯಾಸವನ್ನು ಬದಲಾಯಿಸಲು ಹೊರಟು ಏನನ್ನೂ ಬದಲಾಯಿಸಲಾರದೆ ಹಿಂದಿರುಗಿದವರಿಗೆ ಅದರ ಬೆಲೆ ಗೊತ್ತು. ಈ ಮೂರು ಅಂಶಗಳಲ್ಲಿ ಫಲ ಕೊಟ್ಟದ್ದು ಯಾವುದೆಂದು ಬಿಡಿಸಿ ಹೇಳುವುದು ಆ ಪ್ರಯೋಗದಿಂದ ಸಾಧ್ಯವಿಲ್ಲ.

ಥೇಲರ್, ಸನ್‌ಸ್ಟೈನ್ ಎಂಬಿಬ್ಬರು 2008ರಲ್ಲಿ ಬರೆದ ನಡ್ಜ್ ಎಂಬ ಪುಸ್ತಕದ ಪ್ರಭಾವ ಪ್ಯಾಂಟ್ರಿಗಳನ್ನೂ ಮುಟ್ಟಿತು. ಬಲವಂತವಿಲ್ಲದೆ, ಉಪದೇಶವಿಲ್ಲದೆ, ಪದಾರ್ಥವನ್ನಿಡುವ ರೀತಿಯಿಂದಲೇ ಆಯ್ಕೆಯನ್ನು ಮೆಲ್ಲನೆ ತಿರುಗಿಸುವುದು ಇದರ ಉಪಾಯ: ಹಿತವಾದುದನ್ನು ಕಣ್ಣಿನ ಮಟ್ಟದಲ್ಲಿ ಇಡು, ಸಾಲಿನ ಮೊದಲಿಗೆ ತಾ, ಬುಟ್ಟಿ ತುಂಬಿ ತುಳುಕುವಂತೆ ಜೋಡಿಸು. ಕಾರ್ನೆಲ್ ವಿಶ್ವವಿದ್ಯಾನಿಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪೌಷ್ಟಿಕ ಬಾರುಗಳನ್ನು ಸಾಲಿನ ಮುಂದೆ, ಅವುಗಳ ಮೂಲ ಪೆಟ್ಟಿಗೆಯಲ್ಲಿಯೇ ಇಟ್ಟಾಗ ಹೆಚ್ಚು ಜನ ತೆಗೆದುಕೊಂಡರೆಂದು ಹೇಳಿದೆ. ಅದರ ಲೇಖಕರಲ್ಲೊಬ್ಬನಾದ ಬ್ರಯನ್ ವಾನ್ಸಿಂಕನ ಇತರ ಅನೇಕ ಲೇಖನಗಳನ್ನು ನಿಯತಕಾಲಿಕೆಗಳು ಹಿಂತೆಗೆದುಕೊಂಡು, 2018ರಲ್ಲಿ ವಿಶ್ವವಿದ್ಯಾನಿಲಯವೇ ಆತನ ನಡತೆಯನ್ನು ಶಾಸ್ತ್ರಮರ್ಯಾದೆಗೆ ವಿರುದ್ಧವೆಂದು ನಿರ್ಣಯಿಸಿದುದರಿಂದ, ಈ ಕವಲನ್ನು ತುಸು ಎಚ್ಚರಿಕೆಯಿಂದ ಓದುವುದು ಯುಕ್ತ. ಕಪಾಟಿನ ಜೋಡಣೆಯಿಂದ ಪ್ರಯೋಜನವಿಲ್ಲವೆಂದು ಇದರ ಅರ್ಥವಲ್ಲ. ಕಿರಾಣಿ ಅಂಗಡಿಯವರು ಶತಮಾನದಿಂದ ಅದನ್ನೇ ನಂಬಿ ಬದುಕಿದ್ದಾರೆ. ಬುಟ್ಟಿಗೆ ಬಿದ್ದದ್ದು ಬಾಯಿಗೆ ಹೋಯಿತೆ ಎಂಬುದನ್ನು ಮಾತ್ರ ಈ ಬಗೆಯ ಪ್ರಯೋಗಗಳು ಸಾಮಾನ್ಯವಾಗಿ ಹಿಂಬಾಲಿಸಿ ನೋಡುವುದಿಲ್ಲ.

ಆಹಾರದಿಂದ ಕಾಯಿಲೆಯನ್ನೇ ಇಳಿಸಬಹುದೆ ಎಂಬ ಕಠಿಣವಾದ ಪರೀಕ್ಷೆ ಇನ್ನೂ ಉಳಿದಿತ್ತು. ಸೆಲಿಗ್‌ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾ, ಒಹಾಯೊ, ಟೆಕ್ಸಾಸ್ ಸಂಸ್ಥಾನಗಳ ಫುಡ್ ಬ್ಯಾಂಕುಗಳಲ್ಲಿ 687 ಮಂದಿ ಮಧುಮೇಹಿಗಳಿಗೆ ಪಥ್ಯಕ್ಕೆ ಒಪ್ಪುವ ಪದಾರ್ಥಗಳನ್ನೂ ತಿಳಿವಳಿಕೆಯನ್ನೂ ವೈದ್ಯರ ನೆರವನ್ನೂ ಒದಗಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು: ಕೆಲವು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪ್ರಮಾಣ 8.11ರಿಂದ 7.96ಕ್ಕೆ ಇಳಿದಿತ್ತು. ಉತ್ಸಾಹ ಹೆಚ್ಚಿತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲದ ಪ್ರಯೋಗವನ್ನು ನಂಬಿ ನಿಲ್ಲಬಾರದೆಂದು ಅವರೇ ಓಕ್‌ಲ್ಯಾಂಡ್, ಡೆಟ್ರಾಯ್ಟ್, ಹ್ಯೂಸ್ಟನ್ ನಗರಗಳಲ್ಲಿ 568 ಜನರನ್ನು ಎರಡು ಗುಂಪು ಮಾಡಿ ಆರು ತಿಂಗಳು ಮತ್ತೆ ಪರೀಕ್ಷಿಸಿದರು. 2018ರಲ್ಲಿ ಬಂದ ಉತ್ತರ ಮಿಶ್ರವಾದದ್ದು: ನೆರವು ಪಡೆದವರಲ್ಲಿ ಅಭಾವ ಇಳಿಯಿತು, ಹಣ್ಣು ತರಕಾರಿಯ ಸೇವನೆ ಏರಿತು, ಎಚ್‌ಬಿಎ1ಸಿಯಲ್ಲಿ ಮಾತ್ರ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. 2023ರ ಡಿಸೆಂಬರಿನಲ್ಲಿ ಎಂಐಟಿಯ ಜೋಸೆಫ್ ಡಾಯ್ಲ್ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಪ್ರಯೋಗವು ಪ್ಯಾಂಟ್ರಿಯ ಅಳತೆಯನ್ನು ಮೀರಿ ಉದಾರವಾದದ್ದು. ಮನೆಮಂದಿಗೆಲ್ಲ ವಾರಕ್ಕೆ 10 ಊಟಗಳಿಗೆ ಸಾಲುವ ಒಳ್ಳೆಯ ಪದಾರ್ಥ, ಆಹಾರತಜ್ಞರ ಸಲಹೆ, ದಾದಿಯರ ನಿಗಾ ಎಲ್ಲವೂ ಅದರಲ್ಲಿ ಇದ್ದವು. ಆರು ತಿಂಗಳಿಗೆ ಈ ನೆರವು ಪಡೆದವರ ಎಚ್‌ಬಿಎ1ಸಿ 1.5ರಷ್ಟು ಇಳಿಯಿತು, ಎಂದಿನ ಚಿಕಿತ್ಸೆಯಲ್ಲಿದ್ದವರದು 1.3ರಷ್ಟು ಇಳಿಯಿತು.

ಈ ಫಲಿತಾಂಶಗಳನ್ನು ಸೋಲೆನ್ನುವವರಿದ್ದಾರೆ. ಹಾಗೆನ್ನುವಾಗ ನಾವು ತರಕಾರಿಯಿಂದ ಏನನ್ನು ಕೇಳುತ್ತಿದ್ದೇವೆಂಬುದನ್ನು ಯೋಚಿಸಬೇಕು. ಸ್ಥಿತಿವಂತನು ಸೇಬು ತಿಂದರೆ ಅದರ ಫಲವನ್ನು ಆರು ತಿಂಗಳಲ್ಲಿ ರಕ್ತಪರೀಕ್ಷೆಯಿಂದ ಸಾಬೀತು ಮಾಡೆಂದು ಯಾರೂ ಕೇಳುವುದಿಲ್ಲ. ಬಡವನ ಸೇಬು ಮಾತ್ರ ಔಷಧವೆಂದು ಪ್ರಮಾಣ ಪಡೆದ ಮೇಲೆ ಅವನ ಕೈಗೆ ಬರಬೇಕೆನ್ನುವುದು ವಿಚಿತ್ರವಾದ ನ್ಯಾಯ. ಅದೇ ಸಮಯದಲ್ಲಿ, ಹಿಂದುಮುಂದಿನ ಅಂಕಿಗಳೆರಡನ್ನೇ ಹಿಡಿದು ಅದ್ಭುತ ಸಾಧಿಸಿದೆವೆಂದು ಡಂಗುರ ಹೊಡೆದ ಆಸ್ಪತ್ರೆಗಳೂ ಕಂಪನಿಗಳೂ ಈ ಪ್ರಯೋಗಗಳಿಂದ ಕಲಿಯತಕ್ಕದ್ದು ಬಹಳವಿದೆ.

2020ರ ಸಾಂಕ್ರಾಮಿಕವು ಎರಡು ದಶಕಗಳ ದುಡಿಮೆಯನ್ನು ಕೆಲವು ವಾರಗಳಲ್ಲಿ ಹಿಂದಕ್ಕೆ ತಳ್ಳಿತು. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಏಪ್ರಿಲ್ ತಿಂಗಳ ಒಂದು ದಿನ ಸುಮಾರು 10,000 ಕುಟುಂಬಗಳು ಕಾರುಗಳಲ್ಲಿ ಸಾಲು ನಿಂತವು. ಸೋಂಕಿನ ಭಯದಿಂದ ಆರಿಸಿಕೊಳ್ಳುವ ಕಪಾಟುಗಳನ್ನು ಮುಚ್ಚಿ, ಕಟ್ಟಿಟ್ಟ ಪೆಟ್ಟಿಗೆಯನ್ನು ಕಾರಿನ ಹಿಂಬದಿಗೆ ಇಡುವ ಹಳೆಯ ಪದ್ಧತಿಗೇ ಎಲ್ಲರೂ ಮರಳಿದರು. ಕೇಂದ್ರ ಸರ್ಕಾರ ಒಂದು ವರ್ಷದಲ್ಲಿ 17 ಕೋಟಿಗೂ ಮಿಕ್ಕ ಪೆಟ್ಟಿಗೆಗಳನ್ನು ಹಂಚಿಸಿತು. ಅವುಗಳಲ್ಲಿ ಹಸಿ ತರಕಾರಿಯೂ ಹಾಲೂ ಇದ್ದವೆಂಬುದು ಸಮಾಧಾನ, ಆಯ್ಕೆ ಇರಲಿಲ್ಲವೆಂಬುದು ಕೊರತೆ. ಅನಂತರ ಆಯ್ಕೆ ಹಲವೆಡೆ ಮರಳಿತು, ಕೆಲವೆಡೆ ಮರಳಲೇ ಇಲ್ಲ. ಪೆಟ್ಟಿಗೆ ಕೊಡುವುದು ನಡೆಸುವವರಿಗೆ ಸುಲಭ.

ಬೇರೆ ದೇಶಗಳಲ್ಲಿ ಈ ಸಂಸ್ಥೆ ಹಬ್ಬಿದ ಬಗೆಯನ್ನು ಇಲ್ಲಿ ಹೆಸರಿಸಿ ಬಿಡಬಹುದಷ್ಟೆ: ಕೆನಡಾದ ಎಡ್ಮಂಟನ್ನಿನಲ್ಲಿ 1981ರಲ್ಲಿ, ಬರ್ಲಿನ್ನಿನಲ್ಲಿ 1993ರಲ್ಲಿ, ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ 2000ದಲ್ಲಿ. ಇವೆಲ್ಲವುಗಳಲ್ಲಿ ಟೊರಾಂಟೊ ನಗರದ ದಿ ಸ್ಟಾಪ್ ಎಂಬುದು ಮಾತ್ರ ಪ್ರತ್ಯೇಕವಾಗಿ ಹೇಳಬೇಕಾದ ಸಂಸ್ಥೆ. ನಿಕ್ ಸಾಲ್ ಅದರ ಹೊಣೆ ಹೊತ್ತ ಮೇಲೆ, ಡಬ್ಬಿ ಹಂಚುವ ಇಕ್ಕಟ್ಟಾದ ಪ್ಯಾಂಟ್ರಿಯಾಗಿದ್ದುದು ತೋಟ, ಸಾಮೂಹಿಕ ಅಡುಗೆಮನೆ, ರೊಟ್ಟಿಯ ಒಲೆ, ನೆರೆಹೊರೆಯ ಸಭೆ ಎಲ್ಲವನ್ನೂ ಒಳಗೊಂಡ ಕೇಂದ್ರವಾಯಿತು. ಅಲ್ಲಿ ಪಡಿ ಪಡೆಯಲು ಬಂದವರೇ ಬೆಳೆಯುವವರೂ ಬೇಯಿಸುವವರೂ ಬಡಿಸುವವರೂ ಆದರು. ಕೂಲಿ, ಬಾಡಿಗೆ, ಭತ್ಯೆಗಳನ್ನು ಕುರಿತು ಸರ್ಕಾರದೊಡನೆ ಜಗಳವಾಡುವುದೂ ಆರೋಗ್ಯಾಹಾರದ ಕಾರ್ಯಕ್ರಮದ ಒಂದು ಅಂಗವೆಂದು ಅವರು ಎಣಿಸಿದರು.

ಈ ಕೊನೆಯ ಮಾತನ್ನು ಒತ್ತಿ ಹೇಳಿದ ವಿಮರ್ಶಕರ ಪರಂಪರೆಯೊಂದು ಈ ಕ್ಷೇತ್ರದ ಜೊತೆಜೊತೆಗೇ ಬೆಳೆದಿದೆ. ಜಾನೆಟ್ ಪಾಪೆಂಡಿಕ್ 1998ರಲ್ಲಿ ಬರೆದ ಸ್ವೀಟ್ ಚಾರಿಟಿ ಎಂಬ ಗ್ರಂಥವು, ದಾನದ ಸಂತೃಪ್ತಿಯಲ್ಲಿ ಸಮಾಜವು ಬಡವರ ಹಕ್ಕನ್ನು ಮರೆಯುತ್ತದೆಂದು ವಾದಿಸಿತು. ಆ್ಯಂಡ್ರೂ ಫಿಶರ್ 2017ರ ಬಿಗ್ ಹಂಗರ್‌ನಲ್ಲಿ, ಕಡಿಮೆ ಕೂಲಿ ಕೊಡುವ ಕಂಪನಿಗಳೇ ಫುಡ್ ಬ್ಯಾಂಕುಗಳ ಆಡಳಿತ ಮಂಡಲಿಗಳಲ್ಲಿ ಕುಳಿತಿರುವುದನ್ನು ಎತ್ತಿ ತೋರಿಸಿದನು. ರೆಬೆಕಾ ಡಿಸೋಜಾ 2019ರಲ್ಲಿ ಪ್ರಕಟಿಸಿದ ಪುಸ್ತಕ, ಮಿನೆಸೋಟಾದ ಡುಲುತ್ ನಗರದ ಪ್ಯಾಂಟ್ರಿಗಳಲ್ಲಿ ಹಿತವಚನದ ಮರೆಯಲ್ಲಿ ಹೇಗೆ ತಿರಸ್ಕಾರ ಅಡಗಿರುತ್ತದೆಂಬುದನ್ನು ಬಿಡಿಸಿಟ್ಟಿತು. ನಮ್ಮ ದೇಶದ ನ್ಯಾಯಬೆಲೆ ಅಂಗಡಿಯಲ್ಲಿ ಸಿಗುವ ಅಕ್ಕಿ ರಾಗಿಗಳ ಗುಣವನ್ನು ಕುರಿತು ನಾವು ಎಷ್ಟೇ ಗೊಣಗಿದರೂ, 2013ರ ಆಹಾರ ಭದ್ರತಾ ಕಾಯಿದೆಯ ಬಲದಿಂದ ಅದು ಕೇಳಿ ಪಡೆಯುವ ಹಕ್ಕು. ಪ್ಯಾಂಟ್ರಿಯ ಮುಂದೆ ನಿಂತವರಿಗೆ ಅಂಥ ಹಕ್ಕಿಲ್ಲ. ಅಮೆರಿಕದಲ್ಲಿ ಹಕ್ಕಿಗೆ ಸಮೀಪವಾದದ್ದು ಸ್ನ್ಯಾಪ್ ಎಂಬ ಸರ್ಕಾರಿ ಆಹಾರ ಭತ್ಯೆ, ಅದರಿಂದ ಸಿಗುವ ಊಟದ ಮುಂದೆ ಪ್ಯಾಂಟ್ರಿಗಳದ್ದು ಎಷ್ಟೋ ಪಾಲು ಸಣ್ಣದು.

ಆ ಭತ್ಯೆಯ ಮೇಲೆಯೇ 2025ರಲ್ಲಿ ಕತ್ತರಿ ಬಿದ್ದಿತು. 2025ರ ಮಾರ್ಚಿಯಲ್ಲಿ, ಸ್ಥಳೀಯ ರೈತರಿಂದ ತರಕಾರಿ ಮೊದಲಾದುವನ್ನು ಕೊಂಡು ಫುಡ್ ಬ್ಯಾಂಕುಗಳಿಗೆ ಕೊಡುತ್ತಿದ್ದ ಯೋಜನೆಯ ಮುಂದಿನ ಕಂತನ್ನು ಕೃಷಿ ಇಲಾಖೆ ರದ್ದು ಮಾಡಿತು. ಜುಲೈ 4ರಂದು ಸಹಿಯಾದ ಕಾನೂನು ಸ್ನ್ಯಾಪ್ ಭತ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ಇಳಿಸುವುದರ ಜೊತೆಗೆ, ಅದರ ಅಂಗವಾಗಿ ಮೂರು ದಶಕಗಳಿಂದ ನಡೆದುಬಂದಿದ್ದ ಪೋಷಣಶಿಕ್ಷಣದ ಅನುದಾನವನ್ನು ಪೂರ್ತಿಯಾಗಿ ನಿಲ್ಲಿಸಿತು. ತರಕಾರಿಯನ್ನು ತರುತ್ತಿದ್ದ ಹಣವೂ ತರಕಾರಿಯ ಗುಣವನ್ನು ಹೇಳುತ್ತಿದ್ದ ಹಣವೂ ಒಂದೇ ವರ್ಷದಲ್ಲಿ ಹೋದವು. ಕಪಾಟಿಗೆ ಹಸಿರು ಚೀಟಿ ಅಂಟಿಸುವ 2020ರ ಸೂತ್ರಕ್ಕೆ ಖರ್ಚಿಲ್ಲವಾದುದರಿಂದ ಅದು ಉಳಿದಿದೆ. ಬ್ಯಾಂಕುಗಳವರು ಮತ್ತೆ ಕಂಪನಿಗಳ ಗೋದಾಮುಗಳ ಕಡೆಗೆ ಹೊರಟಿದ್ದಾರೆ. ಅಲ್ಲಿ ಮಿಕ್ಕಿರುವುದು ಏನೆಂಬುದರ ಮೇಲೆ ಚೀಟಿಯ ಬಣ್ಣ ನಿಂತಿದೆ.